ಕರೆಂಟ್ ಬಿಲ್ಲಿಗೂ ಅರಿಶಿನ

ಕಿಟ್ಟಿ ತನ್ನ ಮನೆಯ ಹಳೇ ಕಾಗದಗಳಿಗೆಲ್ಲ ಅರಿಶಿನ ಹಚ್ಚಿದ. ಹಚ್ಚಿ ಎಂದು ಹೆಂಡತಿ ಹೇಳಿದ್ದು ನಿಜ. ಆದರೆ ಅವಳು ಹೇಳಿದ್ದು ಟ್ರಂಕಿಗೆ. ಟ್ರಂಕಿಗೂ ಅದರೊಳಗಿನ ಕಾಗದಕ್ಕೂ ಇರುವ ವ್ಯತ್ಯಾಸ ಮರೆತ ಒಬ್ಬ ಮನುಷ್ಯನಿಂದ ಎರಡು ಮನೆಗಳಲ್ಲಿ ಏನೇನಾಯಿತು ಎಂಬುದನ್ನು ಇಲ್ಲಿ ನಗದೆ ಹೇಳಬೇಕೆಂದಿದ್ದೇವೆ. ನೀವೂ ಸ್ವಲ್ಪ ಗಂಭೀರವಾಗಿ ಕೂತು ಕೇಳಿ.

ಕಿಟ್ಟಿಯ ಪೂರ್ತಿ ಹೆಸರು ಎ. ಕೃಷ್ಣಮೂರ್ತಿ. ಅರವತ್ತು ದಾಟಿದವನನ್ನು ಏಕವಚನದಲ್ಲಿ ಕರೆಯಬಾರದು, ಒಪ್ಪಿದೆ. ಆದರೆ ಪದ್ಮನಾಭನಗರದ ಆ ಬೀದಿಯವರೆಲ್ಲ ಬೆನ್ನ ಹಿಂದೆ ಅವನನ್ನು ಕಿಟ್ಟಿ ಎಂದೇ ಅನ್ನುವಾಗ ನಾವೊಬ್ಬರು ಬಹುವಚನ ಬಳಸಿ ಏನು ಉದ್ಧಾರ ಮಾಡಬೇಕಾಗಿದೆ? ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತನಾದವನು. ಕೆಲಸದಲ್ಲಿ ಅವನಿಗಿದ್ದದ್ದು ಒಂದೇ ಸಿದ್ಧಾಂತ: ಫೈಲಿನಲ್ಲಿ ಮೊಹರಿಲ್ಲದ ಹಾಳೆ ಇರಕೂಡದು. ಒಮ್ಮೆ ಜವಾನನ ಮಗಳ ಮದುವೆ ಪತ್ರಿಕೆ ಫೈಲಿನ ನಡುವೆ ಸೇರಿಕೊಂಡಾಗ ಅದಕ್ಕೂ ಮೊಹರು ಬಿದ್ದು, ಪುಟಸಂಖ್ಯೆ ಬಿದ್ದು, ಮೇಲಿನ ಕಚೇರಿಯವರೆಗೆ ಹೋಗಿ ‘ಪರಿಶೀಲಿಸಲಾಗಿದೆ’ ಎಂದು ಬರೆಸಿಕೊಂಡು ವಾಪಸ್ ಬಂದಿತ್ತು. ಅಷ್ಟರಲ್ಲಿ ಆ ಮಗಳಿಗೆ ಮಗುವಾಗಿತ್ತು.

ಜಯನಗರದಲ್ಲಿ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯೊಂದರ ಮಹಡಿ ಮೇಲೆ ‘ಮನೆಗಾಗದ’ ಎಂಬ ಒಂದು ಸಂಗ್ರಹಾಲಯವಿದೆ. ಸಾಮಾನ್ಯರ ಮನೆಗಳ ಹಳೇ ಪತ್ರ, ಲಗ್ನಪತ್ರಿಕೆ, ರೇಷನ್ ಕಾರ್ಡು, ಬಸ್ ಪಾಸು, ಎಲ್ಲವನ್ನೂ ಕೇಳಿ ಪಡೆದು ಮುತುವರ್ಜಿಯಿಂದ ಕಾಪಾಡುತ್ತಾರೆ. ಕಿಟ್ಟಿಯ ತಂದೆ ಅಶ್ವತ್ಥರಾಯರು ಬದುಕಿರುವವರೆಗೂ ಒಂದು ಚೀಟಿ ಹೊರಗೆಸೆದವರಲ್ಲ. ಬಂದ ಕಾಗದವನ್ನೆಲ್ಲ ಗೋಡೆಗೆ ನೇತುಹಾಕಿದ ತಂತಿಗೆ ಚುಚ್ಚುವುದು, ತಂತಿ ತುಂಬಿದರೆ ಟ್ರಂಕಿಗೆ ಇಳಿಸುವುದು. ಆ ಟ್ರಂಕು ಮಂಚದ ಕೆಳಗಿತ್ತು. ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರೆ ಮಂಚದ ಕೆಳಗೆ ಗುಡಿಸಲು ಜಾಗವಾಗುತ್ತದೆ ಎಂದು ಹೆಂಡತಿ ಪಂಕಜಾ ಲೆಕ್ಕ ಹಾಕಿದಳು. ವಂಶದ ಹೆಸರು ಚರಿತ್ರೆಗೆ ಸೇರುತ್ತದೆ ಎಂದು ಕಿಟ್ಟಿ ಲೆಕ್ಕ ಹಾಕಿದ.

“ರೀ, ಹಿರಿಯರ ಕಾಗದ ಮನೆ ಬಿಟ್ಟು ಹೋಗ್ತಾ ಇದೆ. ಹಾಗೇ ಕಳಿಸ್ಬೇಡಿ. ಟ್ರಂಕಿಗೆ ಒಂಚೂರು ಅರಿಶಿನ ಹಚ್ಚಿ ಕಳಿಸಿ,” ಎಂದು ಹೇಳಿ ಪಂಕಜಾ ಲಲಿತಾ ಸಹಸ್ರನಾಮಕ್ಕೆ ಹೊರಟುಹೋದಳು.

ನಮ್ಮ ಕಡೆ ಶುಭದ ಕಾಗದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ನಿಮಗೆ ಗೊತ್ತೇ ಇದೆ. ಮದುವೆ ಗೊತ್ತಾದರೆ, ಮಗು ಹುಟ್ಟಿದರೆ, ಜಾತಕ ಕಳಿಸಿದರೆ, ಮೂಲೆಯ ಹಳದಿ ನೋಡಿದೊಡನೆ ಓದುವ ಮೊದಲೇ ಮನೆಯವರ ಮುಖ ಅರಳುತ್ತದೆ. ಸಾವಿನ ಕಾಗದಕ್ಕೆ ಹಚ್ಚುವ ಮಾತಿಲ್ಲ. ಜಗಳದ ಕಾಗದಕ್ಕಂತೂ ಕೇಳಲೇಬೇಡಿ. ಕಿಟ್ಟಿಗೂ ಇದು ಗೊತ್ತಿತ್ತು. ಆದರೆ ಟ್ರಂಕು ತೆರೆದು ಮುಂದೆ ಕೂತು, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬೆರಳು ಅದ್ದಿದ್ದೇ ತಡ, ಕೈ ಹಳೇ ಅಭ್ಯಾಸಕ್ಕೆ ಬಿತ್ತು. ಮೊದಲ ಹಾಳೆ, ನಾಲ್ಕು ಮೂಲೆ, ಪಕ್ಕಕ್ಕೆ. ಎರಡನೇ ಹಾಳೆ, ನಾಲ್ಕು ಮೂಲೆ, ಪಕ್ಕಕ್ಕೆ. ಲಗ್ನಪತ್ರಿಕೆಗೆ ಹಚ್ಚಿದ, ನೀರಿನ ರಸೀತಿಗೆ ಹಚ್ಚಿದ, ಹಲ್ಲಿನ ಡಾಕ್ಟರ ಚೀಟಿಗೆ ಹಚ್ಚಿದ. ಸಂಜೆ ಪಂಕಜಾ ಬರುವ ಹೊತ್ತಿಗೆ ಟ್ರಂಕು ಆಟೋ ಹತ್ತಿ ಹೋಗಿತ್ತು. ಕಿಟ್ಟಿಯ ಬೆರಳು ಮಾತ್ರ ಹಳದಿಯಾಗಿತ್ತು. ಪಾಪ, ಕೈಯಾರೆ ಅಡುಗೆ ಮಾಡಿಕೊಂಡಿದ್ದಾರೆ ಎಂದು ಅವಳು ಕನಿಕರಪಟ್ಟಳು.

ಸಂಗ್ರಹಾಲಯದಲ್ಲಿ ಕಾಗದಗಳನ್ನು ನೋಡಿಕೊಳ್ಳುವವಳು ಸುರಭಿ ಎಂಬ ಹುಡುಗಿ. ಕೈಗೆ ಬಿಳಿ ಗವಸು, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ನಗು ಕಡಿಮೆ. ಮಾರನೇ ವಾರ ಅವಳು ಕಿಟ್ಟಿಯನ್ನು ಕರೆಸಿ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು.

“ಸಾರ್, ಇದು ಕರೆಂಟ್ ಬಿಲ್.”

“ಹೌದಮ್ಮ.”

“ಇದಕ್ಕೂ ಅರಿಶಿನ ಹಚ್ಚಿದೆ.”

“ಹೌದಮ್ಮ.”

“ಯಾಕೆ ಸಾರ್?”

ಇಲ್ಲಿ ಕಿಟ್ಟಿ ‘ತಲೆ ಕೆಟ್ಟು ನಾನೇ ಹಚ್ಚಿದೆನಮ್ಮ’ ಅಂದಿದ್ದರೆ ಕಥೆ ಮುಗಿದು ನಾವೂ ನೀವೂ ನೆಮ್ಮದಿಯಾಗಿ ಊಟಕ್ಕೆ ಏಳಬಹುದಿತ್ತು. ಆದರೆ ಮಗಳ ವಯಸ್ಸಿನ ಹುಡುಗಿಯ ಮುಂದೆ, ಅದೂ ಗವಸು ಹಾಕಿಕೊಂಡವಳ ಮುಂದೆ, ಹಾಗನ್ನಲು ಯಾವ ಸೂಪರಿಂಟೆಂಡೆಂಟಿಗೆ ಮನಸ್ಸು ಬಂದೀತು? ಕಿಟ್ಟಿ ಗಂಟಲು ಸರಿಮಾಡಿಕೊಂಡ.

“ಅದು ನಮ್ಮ ಮನೆತನದ ಪದ್ಧತಿ. ನಮ್ಮ ತಂದೆಯವರು ಮನೆಗೆ ಬಂದ ಯಾವ ಕಾಗದವನ್ನೂ ಅರಿಶಿನ ಹಚ್ಚದೆ ಇಡ್ತಿರಲಿಲ್ಲ. ಸುಖ ಬಂದ್ರೂ ಅರಿಶಿನ, ಬಿಲ್ ಬಂದ್ರೂ ಅರಿಶಿನ. ಅಂಥ ಜೀವ.”

ಸುರಭಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಿವಿಯ ಪೆನ್ಸಿಲು ತೆಗೆದು ‘ದಾನಿಯ ಹೇಳಿಕೆ’ ಎಂಬಲ್ಲಿ ಅದನ್ನು ಹಾಗೇ ಬರೆದುಕೊಂಡಳು.

ಸಂಗ್ರಹಾಲಯದ ಹಿರಿಯರಿಗೆ ಈ ಪದ್ಧತಿ ಬಲು ಹಿಡಿಸಿತು. ಕಿಟ್ಟಿಯ ಮನೆಯ ಕಾಗದಗಳದ್ದೇ ಒಂದು ಪ್ರದರ್ಶನ ಏರ್ಪಟ್ಟಿತು. ಪತ್ರಿಕೆಯೊಂದರ ಬೆಂಗಳೂರು ಪುಟದಲ್ಲಿ ‘ಬಿಲ್ಲಿಗೂ ಅರಿಶಿನ ಹಚ್ಚಿದ ಮನೆತನ’ ಎಂಬ ತಲೆಬರಹದಲ್ಲಿ ನಾಲ್ಕು ಸಾಲು, ಎರಡು ಫೋಟೋ ಬಂದವು. ಅವತ್ತು ಬೆಳಿಗ್ಗೆ ಕಿಟ್ಟಿ ಪಾರ್ಕಿನಲ್ಲಿ ಎಂದಿನ ಸುತ್ತು ಹಾಕಲಿಲ್ಲ. ಪತ್ರಿಕೆಯನ್ನು ಆ ಪುಟ ಮೇಲೆ ಬರುವಂತೆ ಮಡಿಸಿ ಹಿಡಿದು, ಕಲ್ಲು ಬೆಂಚಿನ ಮೇಲೆ ಜನ ನೋಡುವಂತೆ ಕೂತ.

ಮೊದಲು ಸಿಕ್ಕವರು ಎದುರು ಮನೆಯ ಚಿಕ್ಕಬೈರಪ್ಪ. ಇಟ್ಟಮಡು ಕಡೆ ಅವರ ಹಿರಿಯರು ರಾಗಿ ಬೆಳೆದ ಹೊಲಗಳಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಮನುಷ್ಯ ಒಳ್ಳೆಯವರು. ದನಿ ಮಾತ್ರ ಇನ್ನೂ ಹೊಲದಲ್ಲೇ ಇದೆ.

“ಏನ್ ಸಾ ಇದು, ಪೇಪರ್‌ನಾಗೆ ನಿಮ್ಮನೆ ಕರೆಂಟ್ ಬಿಲ್ ಬಂದೈತೆ! ಕಟ್ಟಿಲ್ವಾ?”

ಪಾರ್ಕಿನವರೆಲ್ಲ ತಿರುಗಿ ನೋಡಿದರು.

“ಅದು ಹಳೇದು ಚಿಕ್ಕಬೈರಪ್ಪನವರೇ. ನಮ್ಮ ತಂದೆಯವರ ಕಾಲದ್ದು. ಅದು ಈಗ ಇತಿಹಾಸ.”

“ಓ, ಇತಿಹಾಸಾನಾ. ನಾನೆಲ್ಲೋ ಬಾಕಿ ಅನ್ಕೊಂಡೆ.” ಚಿಕ್ಕಬೈರಪ್ಪ ಪತ್ರಿಕೆ ಇಸಿದುಕೊಂಡು ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ ಭಕ್ತಿ ಮೂಡಿತು. “ನಿಮ್ಮಪ್ಪ ದೊಡ್ಡ ಮನ್ಸ ಸಾ. ನಮ್ಮನೇಲಿ ಕಾಗದ ಬಂದ್ರೆ ಬಯ್ಯೋರೇ ಹೊರ್ತು ಅರಿಸಿನ ಹಚ್ಚೋರಿಲ್ಲ. ಅದ್ಕೇ ಏಳಿಗೆ ಇಲ್ಲ ಅನ್ನಿ.” ಇಷ್ಟು ಹೇಳಿ ಎರಡು ಕಟ್ಟಡಗಳ ಒಡೆಯರು ನಿಟ್ಟುಸಿರು ಬಿಟ್ಟರು.

ಎರಡು ದಿನ ಬಿಟ್ಟು ಗೇಟಿನ ಹತ್ತಿರ ಮತ್ತೆ ಸಿಕ್ಕರು. “ಸುರು ಮಾಡ್ದೆ ಸಾ. ಬಾಡಿಗೆ ಕರಾರು, ಗ್ಯಾಸ್ ಚೀಟಿ, ಎಲ್ಲಕ್ಕೂ ಹಚ್ಚಿದೆ. ಜಮೀನಿನ ಕೇಸಿನ ಕೋರ್ಟ್ ನೋಟೀಸಿಗೂ ಹಚ್ಚಿಬಿಟ್ಟೆ. ವಕೀಲ್ರು ‘ಏನ್ರೀ ಇದು, ನಿಮ್ಮ ಸೊಸೆ ಸೀಮಂತದ ಪತ್ರಿಕೇನಾ’ ಅಂತ ಬೋದ್ರು.”

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಪತ್ರಿಕೆ ಬಂದ ದಿನವೇ ಮಧ್ಯಾಹ್ನ ಉತ್ತರಹಳ್ಳಿಯಿಂದ ಭಾರ್ಗವನ ಫೋನು ಬಂದಿತ್ತು. ಭಾರ್ಗವ ಎಂದರೆ ಕಿಟ್ಟಿಯ ಸೋದರತ್ತೆ ಚೂಡಾಮಣಿಯವರ ಮಗ.

“ಕಿಟ್ಟಿ ಭಾವ, ಪೇಪರಲ್ಲಿ ಎರಡನೇ ಫೋಟೋ ನೋಡಿದ್ರಾ?”

“ಯಾಕೋ? ಕರೆಂಟ್ ಬಿಲ್ಲಿನ ಪಕ್ಕದ್ದಾ?”

“ಅದು ಅಮ್ಮಂಗೆ ಮಾವ ಬರೆದ ಕಾಗದ. ಆ ಕಾಗದ. ಮೂಲೆಗೆ ಅರಿಶಿನ ಇದೆ. ಅಮ್ಮ ಬೆಳಿಗ್ಗೆಯಿಂದ ಅದನ್ನೇ ಹಿಡ್ಕೊಂಡು ಕೂತಿದಾರೆ. ಅಳ್ತಾರೆ, ನಗ್ತಾರೆ, ಮತ್ತೆ ಅಳ್ತಾರೆ.”

ಕಿಟ್ಟಿ ಪತ್ರಿಕೆ ಎಳೆದುಕೊಂಡು ಎರಡನೇ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದ.

ಆ ಕಾಗದದ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಮೂವತ್ತು ವರ್ಷಕ್ಕೂ ಹಿಂದೆ, ಕಿಟ್ಟಿಯ ಮದುವೆಗೆ ಲಗ್ನಪತ್ರಿಕೆ ಅಚ್ಚಾಯಿತು. ಅದರಲ್ಲಿ ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬ ಪಟ್ಟಿಯಲ್ಲಿ ಚೂಡತ್ತೆಯ ಯಜಮಾನರಾದ ಶಾಮಣ್ಣನವರ ಹೆಸರು ಆರನೆಯದಾಗಿ ಬಂತು. ಮನೆಯ ಒಬ್ಬನೇ ಅಳಿಯ! ಆರನೆಯದಾದರೂ ಹೋಗಲಿ, ಐದನೆಯ ಹೆಸರು ಮಹಡಿ ಮೇಲಿನ ಬಾಡಿಗೆಯವರದ್ದು. ಪ್ರೆಸ್ಸಿನವನ ತಪ್ಪು ಎಂದರು ಅಶ್ವತ್ಥರಾಯರು. ಬೇರೆ ಅಚ್ಚು ಹಾಕಿಸಿ ಎಂದರು ಶಾಮಣ್ಣನವರು. ಹಾಕಿಸಲಿಲ್ಲ. ಮದುವೆಯ ದಿನ ಒಬ್ಬಟ್ಟು ಎಲೆಗೆ ಬೀಳುವ ಮೊದಲೇ ಶಾಮಣ್ಣನವರು ಪಂಕ್ತಿಯಿಂದ ಎದ್ದು ಹೆಂಡತಿಯನ್ನು ಕರೆದುಕೊಂಡು ನಡೆದುಬಿಟ್ಟರು. ಆ ಸಿಟ್ಟಿನಲ್ಲಿ ಅಶ್ವತ್ಥರಾಯರು ತಂಗಿಗೆ ಬರೆದ ಕಾಗದ ಅದು: ‘ಬಾಡಿಗೆಯವರ ಕೆಳಗೆ ಕೂರಲಾರದವರು ಬೀಗರ ಮುಂದೆ ನನ್ನನ್ನು ತಲೆ ತಗ್ಗಿಸುವಂತೆ ನಿಲ್ಲಿಸಿ ಹೋದರು. ಇನ್ನು ಮುಂದೆ ನೀನು ಈ ಮನೆಯ ಹೊಸ್ತಿಲು ದಾಟಬೇಡ. ಇತಿ ಆಶೀರ್ವಾದಗಳು.’ ಅಷ್ಟು ಕೋಪದಲ್ಲೂ ಆಶೀರ್ವಾದ ಬರೆಯುವುದನ್ನು ಮರೆತಿರಲಿಲ್ಲ. ಚೂಡತ್ತೆ ಅದೇ ಹಾಳೆಯ ಹಿಂದೆ ‘ಓದಿದೆ’ ಎಂದು ಬರೆದು ವಾಪಸ್ ಕಳಿಸಿದರು. ಹೀಗೆ ಅದು ಟ್ರಂಕು ಸೇರಿತು.

ಅಲ್ಲಿಂದ ಮುಂದೆ ಎರಡು ಮನೆಗೂ ನಡುವೆ ಇದ್ದ ಸ್ವಲ್ಪವೇ ದಾರಿಯನ್ನು ಯಾರೂ ನಡೆಯಲಿಲ್ಲ. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಹೋಗಲಿಲ್ಲ. ಅಶ್ವತ್ಥರಾಯರು ತೀರಿಕೊಂಡ ದಿನ ಚೂಡತ್ತೆ ಬಂದರು. ಗೇಟಿನ ಹೊರಗೇ ನಿಂತರು. ಅಂಗಳದಲ್ಲಿ ಮಲಗಿಸಿದ್ದ ಅಣ್ಣನನ್ನು ಅಲ್ಲಿಂದಲೇ ನೋಡಿದರು. “ಒಳಗೆ ಬನ್ನಿ ಅತ್ತೆ,” ಎಂದು ಕಿಟ್ಟಿ ಕೈ ಮುಗಿದ. “ಬರಬೇಡ ಅಂದೋನು ಅವನು. ಬಾ ಅನ್ನಬೇಕಾದೋನೂ ಅವನೇ ಕಣೋ,” ಎಂದು ಹೇಳಿ ಹೊರಟುಹೋದರು. ಆಮೇಲೆ ಕಿಟ್ಟಿ ಎಷ್ಟೋ ಸಲ ಕರೆದ. ಅದೇ ಉತ್ತರ. ಬಾ ಅನ್ನಬೇಕಾದವನು ಬೂದಿಯಾಗಿದ್ದ.

ಈಗ ಆ ಕಾಗದಕ್ಕೆ ಅರಿಶಿನ ಬಂದಿದೆ. ಅಣ್ಣ ಒಳಗೊಳಗೇ ಕರಗಿ, ವಾಪಸ್ ಬಂದ ಕಾಗದದ ಮೂಲೆಗೆ ಅರಿಶಿನ ಹಚ್ಚಿ, ಬಾಯಿ ಬಿಟ್ಟು ಹೇಳಲಾಗದೆ ಹಾಗೇ ಇಟ್ಟುಹೋಗಿದ್ದಾನೆ ಎಂದು ತಂಗಿ ತಿಳಿದರೆ ಅದು ಅವರ ತಪ್ಪೇ?

ನಿಜ ಹೇಳಬೇಕೆಂದರೆ, ಟ್ರಂಕಿನ ಮುಂದೆ ಕೂತಿದ್ದ ದಿನ ಆ ಕಾಗದ ಕೈಗೆ ಬಂದಾಗ ಕಿಟ್ಟಿ ಅದನ್ನು ಓದಿದ್ದ. ಓದಿ, ಹಚ್ಚದೆ ಪಕ್ಕಕ್ಕಿಟ್ಟು, ಮತ್ತೆ ಕೈಗೆತ್ತಿಕೊಂಡಿದ್ದ. ಆಮೇಲೆ ಅದಕ್ಕೂ ಹಚ್ಚಿದ್ದ.

ಸಂಜೆ ಚೂಡತ್ತೆಯೇ ಫೋನು ಮಾಡಿದರು. ಎಂಬತ್ತು ದಾಟಿದ ದನಿ ಹದಿನೆಂಟರ ಹಾಗೆ ಕೇಳಿಸಿತು. “ಕಿಟ್ಟೀ, ಭಾನುವಾರ ಮೊದಲು ಜಯನಗರಕ್ಕೆ ಹೋಗಿ ಅಣ್ಣನ ಕಾಗದ ಕಣ್ಣಾರೆ ನೋಡ್ತೀನಿ. ಅಲ್ಲಿಂದ ಸೀದಾ ಮನೆಗೆ. ಗೌರಿ ಹಬ್ಬ ಮುಗಿಸ್ಕೊಂಡೇ ಹೋಗೋದು. ಪಂಕಜಂಗೆ ಹೇಳು.”

ಕಿಟ್ಟಿ ಪಂಕಜಂಗೆ ಹೇಳಿದ. ಎಲ್ಲವನ್ನೂ ಹೇಳಿದ.

“ಟ್ರಂಕಿಗೆ ರೀ! ಟ್ರಂಕಿಗೆ ಹಚ್ಚಿ ಅಂದಿದ್ದು!” ಪಂಕಜಾ ತಲೆಗೆ ಕೈ ಹೊತ್ತು ಕೂತಳು. “ದೇವರ ಮನೇಲಿ ಹೊಸಾ ಪ್ಯಾಕೆಟ್ ಖಾಲಿಯಾಗಿತ್ತು. ಇಲಿ ತಿಂತಾ ಅರಿಶಿನಾನ ಅಂತ ನಾನು ಬೋನು ಇಟ್ಟಿದೀನಿ!”

“ಅತ್ತೆಗೆ ನಿಜ ಹೇಳಿಬಿಡ್ತೀನಿ.”

“ಹೇಳಿ. ಮತ್ತೆ ಗೇಟಿನಿಂದಲೇ ವಾಪಸ್ ಹೋಗ್ತಾರೆ. ಈ ವಯಸ್ಸಲ್ಲಿ ಅದನ್ನ ನೋಡೋ ಶಕ್ತಿ ಇದೆಯಾ ನಿಮಗೆ?”

“ಹೇಳದೆ ಇದ್ರೆ?”

“ಹೇಳದೆ ಇದ್ರೆ ದಿನಾ ಊಟಕ್ಕೆ ಕೂತಾಗ ಅಣ್ಣ ಅರಿಶಿನ ಹಚ್ಚಿದ ಕಥೆ ಕೇಳ್ಬೇಕು. ಹೂಂ ಅಂತ ತಲೆ ಆಡಿಸ್ಬೇಕು. ಆಡಿಸ್ತೀರಾ?”

ಕಿಟ್ಟಿಗೆ ಎರಡೂ ಬೇಡವಾಗಿತ್ತು. ಅಂಥ ಹೊತ್ತಿಗೆ ಸುರಭಿಯ ಫೋನು ಬಂತು.

“ಸಾರ್, ನಿಮ್ಮ ತಂದೆಯವರು ತೀರಿಕೊಂಡು ಎಷ್ಟು ವರ್ಷ ಆಯ್ತು?”

“ಹದಿನೈದು ದಾಟಿತಮ್ಮ.”

“ಟ್ರಂಕಿನ ತಳದಲ್ಲಿ ನಿಮ್ಮ ಕೋವಿಡ್ ಲಸಿಕೆ ಸರ್ಟಿಫಿಕೇಟ್ ಇತ್ತು ಸಾರ್. ಎರಡೂ ಡೋಸಿಂದು.”

“ಓ, ಅಲ್ಲಿತ್ತಾ? ಹುಡುಕ್ತಾ ಇದ್ದೆ.”

“ಅದರ ನಾಲ್ಕೂ ಮೂಲೆಗೆ ಅರಿಶಿನ ಇದೆ ಸಾರ್.”

‘ನಮ್ಮಪ್ಪ ಬಹಳ ದೂರದೃಷ್ಟಿಯವರು’ ಎಂಬ ಮಾತು ಕಿಟ್ಟಿಯ ನಾಲಿಗೆಯ ತುದಿಯವರೆಗೆ ಬಂತು. ದೇವರು ದೊಡ್ಡವನು, ಅಲ್ಲೇ ನಿಂತಿತು. “ಎಲ್ಲಾ ನಾನೇ ಹಚ್ಚಿದ್ದಮ್ಮ,” ಅಂದ.

“ನನಗೆ ಅನುಮಾನ ಇತ್ತು. ಅದಕ್ಕೇ ಪೆನ್ಸಿಲಲ್ಲೇ ಬರ್ಕೊಂಡಿದ್ದೆ.” ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಬೋರ್ಡು, ದಾಖಲೆ ಎರಡನ್ನೂ ತಿದ್ದಲೇಬೇಕು ಸಾರ್. ಸುಳ್ಳಂತೂ ಇಟ್ಕೊಳ್ಳೋಕೆ ಆಗಲ್ಲ.”

ಕಿಟ್ಟಿ ಅತ್ತೆಯ ವಿಷಯವನ್ನೆಲ್ಲ ಹೇಳಿದ. ಸುರಭಿ ಎಲ್ಲವನ್ನೂ ಕೇಳಿಸಿಕೊಂಡಳು. “ಹಾಗಾದ್ರೆ ಅವರು ಬಂದು ಹೋಗೋವರೆಗೂ ಬೋರ್ಡು ಮುಟ್ಟಲ್ಲ. ಆದ್ರೆ ನೀವೇ ಹೇಳಿ ಸಾರ್. ಇದು ಗೋಡೆ ಮೇಲೆ ಓದಿ ತಿಳ್ಕೊಳ್ಳೋ ವಿಷಯ ಅಲ್ಲ.”

ಶನಿವಾರ ಕಿಟ್ಟಿ ಧೈರ್ಯ ಮಾಡಿ ಉತ್ತರಹಳ್ಳಿಯ ಅಪಾರ್ಟ್‌ಮೆಂಟಿಗೆ ಹೋದ. ಲಿಫ್ಟಿನಲ್ಲಿ ಯಾರೋ ಗುರುತಿಲ್ಲದ ಹೆಂಗಸು, “ನೀವು ಚೂಡಾಮಣಿ ಆಂಟಿ ತವರಿನ ಕಡೆಯೋರಾ ಅಂಕಲ್? ಇಡೀ ಬ್ಲಾಕಿಗೆ ಹೇಳಿದಾರೆ, ತವರಿಗೆ ಹೋಗ್ತಿದೀನಿ ಅಂತ. ಎಂಬತ್ತೆರಡಕ್ಕೆ ತವರು! ಸಖತ್ ಖುಷಿಯಾಯ್ತು ನಮಗೆ,” ಎಂದು ಕೈ ಕುಲುಕಿದಳು. ಕಿಟ್ಟಿಯ ಧೈರ್ಯ ಅರ್ಧ ಅಲ್ಲೇ ಇಳಿಯಿತು.

ಮನೆಯೊಳಗೆ ಸೋಫಾದ ಮೇಲೆ ಅತ್ತೆಯ ಬ್ಯಾಗು ತಯಾರಾಗಿ ಕೂತಿತ್ತು. “ಅತ್ತೆ, ಒಂದು ವಿಷಯ ಹೇಳಬೇಕಿತ್ತು,” ಎಂದು ಕಿಟ್ಟಿ ಶುರು ಮಾಡಿದ. ಅತ್ತೆ ಕೋಡುಬಳೆ ತಟ್ಟೆ ಮುಂದಿಟ್ಟರು. ತಿಂದು ಮುಗಿಸಿ, “ಆ ಅರಿಶಿನ…” ಎಂದ. “ಅದನ್ನೇ ಹೇಳ್ತಾ ಇದ್ದೆ ನೋಡು,” ಎಂದು ಅತ್ತೆ ಹಿಡಿದುಕೊಂಡರು. “ಅಣ್ಣ ಚಿಕ್ಕೋನಿದ್ದಾಗಲೂ ಹಾಗೇ. ನನ್ನ ಹೊಡೀತಿದ್ದ. ಆಮೇಲೆ ಬಂದು ಕ್ಷಮಿಸು ಅಂತಿರಲಿಲ್ಲ. ತನ್ನ ಪಾಲಿನ ಬೆಲ್ಲ ನನ್ನ ತಟ್ಟೇಲಿ ಇಟ್ಟು ಹೋಗ್ತಿದ್ದ.” ಕಣ್ಣು ಒರೆಸಿಕೊಂಡು ನಕ್ಕರು. ಕಿಟ್ಟಿ ಇನ್ನೊಂದು ಕೋಡುಬಳೆ ಬಾಯಿಗೆ ತುರುಕಿಕೊಂಡ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಶಾಮಣ್ಣನವರು ಅಷ್ಟು ಹೊತ್ತಿಗೆ ಬಾಯಿ ಬಿಟ್ಟರು. “ಆ ಲಗ್ನಪತ್ರಿಕೇನೂ ಇಟ್ಟಿದಾರಾ ಅಲ್ಲಿ?”

“ಇಟ್ಟಿದಾರೆ ಮಾವ.”

“ಪ್ರದರ್ಶನದ ಕೊನೇಲಿ ಕೃತಜ್ಞತೆ ಅಂತ ಹೆಸರು ಹಾಕ್ತಾರಲ್ಲ, ಅದರಲ್ಲಿ ನಾನು ಎಷ್ಟನೆಯವನು?”

ಭಾನುವಾರ ಎಲ್ಲರನ್ನೂ ಜಯನಗರಕ್ಕೆ ಕರೆದೊಯ್ದದ್ದು ಚಿಕ್ಕಬೈರಪ್ಪನವರ ದೊಡ್ಡ ಕಾರು. “ಅಂಥ ಅಣ್ತಂಗೀರ ಇಸ್ಯ ಸಾ, ಪುಣ್ಯದ ಕೆಲ್ಸ,” ಎಂದು ತಾವೇ ಓಡಿಸಿಕೊಂಡು ಬಂದರು. ಕಿಟ್ಟಿ, ಪಂಕಜಾ, ಅತ್ತೆ, ಮಾವ, ಭಾರ್ಗವ, ಎಲ್ಲರೂ ಮೆಟ್ಟಿಲು ಹತ್ತಿ ಒಳಗೆ ಹೋದರು. ಗಾಜಿನ ಪೆಟ್ಟಿಗೆಗಳ ಸಾಲು. ಶಾಮಣ್ಣನವರು ಸೀದಾ ಲಗ್ನಪತ್ರಿಕೆಯ ಮುಂದೆ ನಿಂತು ಬೆರಳಲ್ಲಿ ಎಣಿಸಿದರು. ಮತ್ತೆ ಎಣಿಸಿದರು. “ಆರನೆಯದೇ,” ಎಂದು ಗೆದ್ದವರ ಹಾಗೆ ತಿರುಗಿದರು. ಅಷ್ಟು ವರ್ಷ ತಾವು ಹೇಳುತ್ತ ಬಂದದ್ದಕ್ಕೆ ಈಗ ಗಾಜಿನ ಪೆಟ್ಟಿಗೆಯಲ್ಲೇ ಸಾಕ್ಷಿ ಇತ್ತು.

ಚೂಡತ್ತೆ ತಮ್ಮ ಕಾಗದದ ಮುಂದೆ ನಿಂತಿದ್ದರು. ಸುರಭಿ ಗಾಜು ಎತ್ತಿ ಕೊಟ್ಟಳು. ಅತ್ತೆ ಬಗ್ಗಿ ನೋಡಿದರು. ಮುಟ್ಟಲಿಲ್ಲ. ಮೂಲೆಯಿಂದ ಮೂಲೆಗೆ ಕಣ್ಣು ಹೋಯಿತು. ಆಮೇಲೆ ಕೈ ಎತ್ತಿ ಅಣ್ಣನ ಅಕ್ಷರಕ್ಕೆ ನಮಸ್ಕಾರ ಮಾಡಿದರು.

ಆ ನಮಸ್ಕಾರ ನೋಡಿ ಕಿಟ್ಟಿಗೆ ತಡೆಯಲಾಗಲಿಲ್ಲ.

“ಅತ್ತೆ, ಅದು ಅಪ್ಪ ಹಚ್ಚಿದ್ದಲ್ಲ. ನಾನು. ಟ್ರಂಕಿಗೆ ಹಚ್ಚು ಅಂದಿದ್ದಳು ಪಂಕಜಾ, ನಾನು ಎಲ್ಲದಕ್ಕೂ ಹಚ್ಚಿಬಿಟ್ಟೆ. ಕರೆಂಟ್ ಬಿಲ್ಲಿಗೂ ಹಚ್ಚಿದೆ. ಲಸಿಕೆ ಚೀಟಿಗೂ ಹಚ್ಚಿದೆ. ಈ ಹುಡುಗಿ ಕೇಳಿದಾಗ ಸುಳ್ಳು ಹೇಳಿದೆ. ನಿಮಗೆ ಹೇಳೋಕೆ ನಿನ್ನೆ ಬಂದಿದ್ದೆ, ಕೋಡುಬಳೆ ತಿಂದು ಹೋದೆ. ತಪ್ಪಾಯ್ತು ಅತ್ತೆ.”

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಚಿಕ್ಕಬೈರಪ್ಪನವರಿಗೆ ಮಾತ್ರ ಬೇರೆಯದೇ ಚಿಂತೆ ಬಂತು. “ಹಂಗಾದ್ರೆ ಪದ್ಧತಿ ಇಲ್ವಾ ಸಾ? ನಾನು ಕೋರ್ಟ್ ನೋಟೀಸಿಗೆ…” ಎನ್ನುವಷ್ಟರಲ್ಲಿ ಪಂಕಜಾ ಅವರತ್ತ ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡರು.

ಭಾರ್ಗವ ಕುರ್ಚಿ ತಂದ. ಅತ್ತೆ ಕೂತರು. ಮುಖ ಬಿಳಿಚಿಕೊಂಡಿತ್ತು. ಅಣ್ಣ ಇನ್ನೊಂದು ಸಲ ಸತ್ತಂತಾಗಿತ್ತು ಅವರಿಗೆ. ಅದನ್ನು ನೋಡುತ್ತ ನಿಂತ ಕಿಟ್ಟಿಗೆ ತನ್ನ ಹತ್ತೂ ಬೆರಳು ಕತ್ತರಿಸಿ ಎಸೆಯಬೇಕೆನಿಸಿತು.

“ಹಾಗಾದ್ರೆ ಅವನು ಹಚ್ಚಿರಲಿಲ್ಲ,” ಅಂದರು ಕೊನೆಗೆ.

“ಇಲ್ಲ ಅತ್ತೆ.”

“ನೀನು ಹಚ್ಚೋಕೆ ಮುಂಚೆ ಓದಿದ್ಯಾ ಇದನ್ನ?”

“ಓದಿದೆ.”

“ಏನು ಬರೆದಿದಾನೆ ಅಂತ ಗೊತ್ತಿದ್ದೂ ಹಚ್ಚಿದ್ಯಾ?”

ಕಿಟ್ಟಿ ಏನೂ ಬಣ್ಣ ಕಟ್ಟಲಿಲ್ಲ. “ಹೂಂ ಅತ್ತೆ. ಇದೊಂದನ್ನ ಬಿಟ್ಟುಬಿಡೋಣ ಅನ್ನಿಸ್ತು. ಬಿಡೋಕೆ ಮನಸ್ಸಾಗಲಿಲ್ಲ. ನಿಮ್ಮ ಹೆಸರಿರೋ ಕಾಗದ ಒಂದೇ ಬರಿದಾಗಿ ಇರೋದು ನೋಡೋಕೆ ಆಗಲಿಲ್ಲ.”

ಅತ್ತೆ ಅವನನ್ನೇ ನೋಡಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಸುರಭಿ ಮೆಲ್ಲಗೆ ಹತ್ತಿರ ಬಂದಳು. “ಅಜ್ಜಿ, ತಪ್ಪು ತಿಳ್ಕೋಬೇಡಿ. ದಾಖಲೇಲಿ ತಿದ್ದಬೇಕು. ಅರಿಶಿನ ಹಚ್ಚಿದವರು ಯಾರು ಅಂತ ಒಂದು ಕಾಲಂ ಇದೆ. ಅಶ್ವತ್ಥರಾವ್ ಅಂತ ಇರೋದನ್ನ ಅಳಿಸಿ ಕೃಷ್ಣಮೂರ್ತಿ ಅಂತ ಬರೀಲಾ?”

“ಇನಿಶಿಯಲ್ ಸಮೇತ ಬರಿಯಮ್ಮ,” ಅಂದರು ಶಾಮಣ್ಣನವರು. “ಆಮೇಲೆ ತಕರಾರು ಬರುತ್ತೆ.”

“ನೀವು ಸುಮ್ನಿರಿ,” ಅಂದರು ಅತ್ತೆ. ಮದುವೆಯಾದ ಮೇಲೆ ಗಂಡನಿಗೆ ಅವರು ಹಾಗೆ ಅಂದದ್ದು ಅದೇ ಮೊದಲಿರಬೇಕು. ಶಾಮಣ್ಣನವರು ಸುಮ್ಮನಾದರು. ಅತ್ತೆ ಕಿಟ್ಟಿಯ ಕಡೆಗೆ ತಿರುಗಿದರು.

“ಹೋದ ವಾರದಿಂದ ನನಗೆ ತವರು ಇತ್ತು ಕಣೋ ಕಿಟ್ಟಿ. ಬೆಳಿಗ್ಗೆ ಎದ್ದ ತಕ್ಷಣ ಅದೇ ನೆನಪು. ಇಡೀ ಬಿಲ್ಡಿಂಗಿಗೆ ಹೇಳ್ಕೊಂಡು ಬಂದಿದೀನಿ. ಅವತ್ತು ನಿಮ್ಮಪ್ಪನ ಕಾಗದ ವಾಪಸ್ ಕೊಟ್ಟೆ. ಇದನ್ನ ವಾಪಸ್ ಕೊಡು ಅಂದ್ರೆ ನನ್ನ ಕೈಲಿ ಆಗಲ್ಲಪ್ಪ.”

ಆಮೇಲೆ ಸುರಭಿಗೆ ಹೇಳಿದರು: “ಬರ್ಕೋ ಮಗು. ಹಚ್ಚಿದವರು, ತವರಿನವರು.”

ಸುರಭಿಯ ಪೆನ್ಸಿಲು ಒಂದು ಗಳಿಗೆ ತಡೆಯಿತು. ಹಾಗೆ ಬರೆದರೆ ಅದು ಸುಳ್ಳಾಗುತ್ತದೆಯೇ ಎಂದು ಅವಳು ಯೋಚಿಸಿದಳು. ಸುಳ್ಳಲ್ಲ ಎಂದು ಗೊತ್ತಾಯಿತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಬರೆದಳು.